ಬಾಕಿ ಚಿಲ್ಲರೆ

ಬೀಜಕ್ಕೆಂದು ಬಿಟ್ಟಿದ್ದ ಹೀರೆಕಾಯಿಯನ್ನು
ನಾನು ಕೊಯ್ದು ಬಜ್ಜಿ ಮಾಡಿಬಿಟ್ಟೆ.
ತೊಟ್ಟಿಗೆ ಕೆಂಪು ಬಟ್ಟೆಚೂರು ಕಟ್ಟಿತ್ತು, ನಿಜ.
ಅದೂ ನನ್ನದೇ ಮಿಷನ್ನಿನ ಕೆಳಗೆ ಬಿದ್ದಿದ್ದ
ಯಾರದೋ ಮದುವೆ ರವಿಕೆಯ ಚೂರು.
ಹೊತ್ತು ಮುಳುಗುವತನಕ ಬಟ್ಟೆ ನೋಡುವ ಕಣ್ಣಿಗೆ
ಬಟ್ಟೆ ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ?

ಇಂದ್ರಾಣಿ ನಂಬಲಿಲ್ಲ.

ಆ ಬೀಜ ಬಂದದ್ದು ಹೀಗೆ:
ಬಸರಾಳಿನಲ್ಲಿ ಹತ್ತುವ ಒಬ್ಬಳು ಅಜ್ಜಿ,
ಹೆಂಗಸರಿಗೆ ಕಾಸಿಲ್ಲ ಕಣಜ್ಜಿ ಎಂದು ಎಷ್ಟು ಹೇಳಿದರೂ
ಬಿಟ್ಟಿ ಕೂರುವುದಕ್ಕೆ ಮೈಯೆಲ್ಲ ಹಿಡಿಯಾಗಿ
ಸೆರಗಿನ ಗಂಟು ಬಿಚ್ಚಿ ಏಳು ಬೀಜ ಎಣಿಸಿ
ಕಂಡಕ್ಟರಮ್ಮನ ಅಂಗೈಗೆ ಹಾಕಿದಳಂತೆ.
"ಮಡಿಕೊ ತಾಯಿ, ನಾರಿಲ್ಲದ ಹೀರೆ."

ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ ಒಂದು ಉದುರಿಹೋಯಿತು.
ಗುತ್ತಲಿನ ನಮ್ಮ ಬಾಡಿಗೆ ಮನೆಯ ಹಿಂದೆ
ನಾಲ್ಕು ಮಾರು ಜಾಗದಲ್ಲಿ ಆರು ಊರಿದೆವು.
ಎರಡು ಇಲಿಗೆ, ಮೂರು ಬಸವನಹುಳಕ್ಕೆ.
ಉಳಿದ ಒಂದು, ಬಟ್ಟೆ ಒಣಹಾಕುವ ತಂತಿ ಹಿಡಿದು
ಪಕ್ಕದ ಮನೆಯ ಟ್ಯಾಂಕಿನವರೆಗೂ ಹೋಯಿತು.

ಮೂರು ದಿನ ಮಾತಿಲ್ಲ.
ಮಾತಿಲ್ಲ ಎಂದರೆ, ನಾಯಿಯ ಮೂಲಕ.
"ಕಾಜಾ, ನಿಮ್ಮಪ್ಪಂಗೆ ಏಳು, ಗ್ಯಾಸು ಮುಗುದದೆ."
"ಕಾಜಾ, ನಿಮ್ಮವ್ವಂಗೆ ಏಳು, ನಂಗೂ ಕಣ್ಣದೆ."
ಅವಳು ಬೆಕ್ಕಿನ ಕಡೆ ತಿರುಗಿ,
"ಕೇಳ್ದಾ ಚಿಲ್ಲರೆ? ಕಣ್ಣದೆಯಂತೆ!"

(ನಾಯಿಗೆ ಹೆಸರಿಟ್ಟವನು ನಾನು,
ಬೆಕ್ಕಿಗೆ ಅವಳು.
ಹೆಸರಿಡಲು ನಮ್ಮ ಮನೆಯಲ್ಲಿ ಬೇರಾರೂ ಬರಲಿಲ್ಲ.)

ನಾಲ್ಕೂವರೆಗೆ ಎದ್ದು ಎಂದಿನಂತೆ ಡಬ್ಬಿ ಕಟ್ಟಿದೆ,
ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ.
ಎಂದಿನಂತೆ ಒಯ್ದಳು.
ಎಂದಿನಂತೆ ಕಾಜಾ ರಸ್ತೆಯ ತಿರುವಿನವರೆಗೆ ಬಿಟ್ಟು ಬಂತು.
ಸಕ್ಕರೆ ಕಾರ್ಖಾನೆಯ ಸಿಹಿಗಮಟು ವಾಸನೆ
ಕಿಟಕಿಯಲ್ಲಿ ನಿಂತೇ ಇತ್ತು, ಒಳಗೂ ಬರದೆ, ಹೊರಗೂ ಹೋಗದೆ.

ನಾಲ್ಕನೇ ದಿನ ಅರ್ಧ ಹೊಲಿದ ತೋಳನ್ನು
ಸೂಜಿಯಡಿಯಲ್ಲೇ ಬಿಟ್ಟು
ನಾಗಮಂಗಲದ ಬಸ್ಸು ಹತ್ತಿ ಕೂತೆ.

ಬಂದಳು, ಒಂದೊಂದೇ ಸೀಟು ಮುಗಿಸುತ್ತ.
ಸರ್ಕಾರಿ ಬಸ್ಸಿನಲ್ಲಿ ನಾಯಿಯ ಮೂಲಕ ಟಿಕೆಟ್ ಕೇಳುವಂತಿಲ್ಲ.
"ಎಲ್ಲಿಗೆ?"
"ಬಸರಾಳು."
"ಯಾಕೆ?"
ಯಾವ ಕಂಡಕ್ಟರೂ ಕೇಳದ ಪ್ರಶ್ನೆ.
"ಬೀಜಕ್ಕೆ."

ಮಿಷನ್ನು ಕಿರ್ರೆಂದಿತು. ನೂರರ ನೋಟು ಚಾಚಿದೆ.
"ಬೆಳಿಗ್ಗೆ ಬೆಳಿಗ್ಗೇನೆ ಎಲ್ರೂ ನೂರು ಕೊಟ್ರೆ
ನಾನೇನು ನೋಟು ಹೊಲೀಲಾ?"
ಇಡೀ ಬಸ್ಸಿಗೆ ಕೇಳುವ ಹಾಗೆ ಬೈದಳು,
ನೇರವಾಗಿ, ನನ್ನನ್ನೇ,
ಮಧ್ಯೆ ಒಂದು ಬಾಲವೂ ಅಲ್ಲಾಡದೆ.
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಮುಂದೆ ಹೋದಳು.

ಅಜ್ಜಿ ಸಿಗಲಿಲ್ಲ.
ಟೀ ಅಂಗಡಿಯವನು ಕೇಳಿದ, ಯಾವ ಅಜ್ಜಿ?
ಇಲ್ಲಿ ಎಲ್ಲರ ಬೇಲಿಯಲ್ಲೂ ಹೀರೆ, ಎಲ್ಲರ ಸೆರಗಲ್ಲೂ ಗಂಟು.
ಒಂದು ಕಂತೆ ದಂಟುಸೊಪ್ಪು ಕೊಂಡು
ಬೇರೆ ಬಸ್ಸಿನಲ್ಲಿ ವಾಪಸು ಬಂದೆ.

ರಾತ್ರಿ ಉಪ್ಸಾರು, ಮುದ್ದೆ.
ಖಾರವನ್ನು ಕಲ್ಲಿನಲ್ಲೇ ಅರೆದಿದ್ದೆ.
ಕಾಕಿ ಅಂಗಿಯ ತೋಳು ಮಡಚಿ ಕೂತಳು,
ಒಂದು ತುತ್ತು ಮುರಿದಳು, ಅದ್ದಿದಳು, ನುಂಗಿದಳು.

"ಉಪ್ಪು ಕಮ್ಮಿ."

ಕಾಜಾ ಎದ್ದು ನಿಂತಿತು, ಕಿವಿ ನಿಮಿರಿಸಿ,
ಯಾರಿಗೆ ಏಳಬೇಕು ಎನ್ನುವ ಹಾಗೆ
ಅವಳನ್ನು ನೋಡಿತು, ನನ್ನನ್ನು ನೋಡಿತು.
ನಾನು ಉಪ್ಪಿನ ಭರಣಿ ತಳ್ಳಿದೆ.
ಬಾಕಿ ಚಿಲ್ಲರೆ ಕೇಳಿದೆ.
"ಡಿಪೋಗೆ ಬಂದು ಇಸ್ಕೊಳಿ," ಅಂದಳು,
ಮುದ್ದೆಯ ಕೈಯಲ್ಲೇ ಬೆಕ್ಕನ್ನು ಆಚೆ ಸರಿಸುತ್ತ.